ಕಂದಾಯ ಇಲಾಖೆ ಸೇರಿದ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಗ್ರಾಮ ಆಡಳಿತ ಅಧಿಕಾರಿ ಅಂತ ಆರ್ಡರ್ ಕೈಗೆ ಬಂದಾಗ ಊರಿಗೆಲ್ಲ ಸಿಹಿ ಹಂಚಿದವನು ನೀನು. ಈಗ ನೋಡಿದರೆ "ಇಲ್ಲಿ ನಂದೇನೂ ನಡೆಯಲ್ಲ ಕಣೋ, ಆ್ಯಪ್ ಹೇಳಿದ್ದು ಮಾಡೋದು, ಮೇಲಿನವರು ಕೇಳಿದ ರಿಪೋರ್ಟ್ ಕಳಿಸೋದು, ಅಷ್ಟೆ" ಅಂತ ಬರೆದಿದ್ದೀಯ. ಅರ್ಧ ಒಪ್ಪುತ್ತೇನೆ. ಆ್ಯಪ್‌ಗಳ ಹೊರೆ ಜಾಸ್ತಿಯಾಯಿತು ಅಂತ 2024ರಲ್ಲಿ ನಿಮ್ಮವರು ಮುಷ್ಕರಕ್ಕೆ ಕೂತದ್ದು ಸುಮ್ನೆ ಅಲ್ಲ. ಇನ್ನರ್ಧಕ್ಕೆ ನನ್ನ ತಕರಾರಿದೆ.

ನೀನು ಕೂತಿರುವ ಕುರ್ಚಿಯ ಕಥೆಯನ್ನೇ ನೋಡು. ಒಂದು ಕಾಲದಲ್ಲಿ ಅಲ್ಲಿ ಊರಿನ ಜಮೀನು-ಕಂದಾಯದ ಲೆಕ್ಕ ಬರೆಯುವ ಶಾನುಭೋಗರಿದ್ದರು. ಅಪ್ಪನಿಂದ ಮಗನಿಗೆ ಬರುತ್ತಿದ್ದ ಕೆಲಸ. 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿತು, 1963ರಲ್ಲಿ ಜಾರಿಗೆ ಬಂತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು, ನಿನ್ನ ಹುದ್ದೆಯ ಹಳೆ ಹೆಸರು ಅದೇ. ಎಲ್ಲ ಬದಲಾಯಿತು ಅನ್ನಿಸಿತು. ಆದರೆ ಯಾರ ಜಮೀನು, ಏನು ಬೆಳೆ ಅಂತ ಬರೆದಿಡುವ ಪಹಣಿ ಪುಸ್ತಕ ಮಾತ್ರ ಒಬ್ಬರ ಕಂಕುಳಲ್ಲೇ ಉಳಿಯಿತು. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕಾದ ರೈತ ಮೊದಲು ಲೆಕ್ಕಿಗರು ಎಲ್ಲಿದ್ದಾರೆ ಅಂತ ಹುಡುಕಬೇಕಿತ್ತು. ಸಿಕ್ಕರೆ ಕೈ ಬಿಸಿ ಮಾಡಬೇಕಿತ್ತು. ಅವರೆಲ್ಲ ಕೆಟ್ಟವರೇನಲ್ಲ. ಒಳ್ಳೆಯವರಾಗಿದ್ದರೂ ಜನ ಅವರ ಮುಂದೆ ಕೈಕಟ್ಟಿ ನಿಲ್ಲಲೇಬೇಕಿತ್ತು, ಅದೇ ತೊಂದರೆ.

ಆಮೇಲೆ ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ ತಾಲ್ಲೂಕು ಕಚೇರಿ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ಕೈಬರಹದ ಪಹಣಿ ನಡೆಯದು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ಮುಗಿಸಬೇಕು. ಪಾಪ, ಎಂಟ್ರಿ ಆದದ್ದನ್ನು ಹಳೆ ಪುಸ್ತಕದ ಜೊತೆ ತಾಳೆ ನೋಡಿದವರಲ್ಲಿ ಅದೇ ಲೆಕ್ಕಿಗರೂ ಇದ್ದರು! ತಮ್ಮ ಕೈಬಿಟ್ಟು ಹೋಗಲಿದ್ದ ಪುಸ್ತಕವನ್ನು ತಾವೇ ನೋಡಿ ತಿದ್ದಿಕೊಟ್ಟರು.

ಹಾಗಾದರೆ ಆ ಅಧಿಕಾರ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ, ಜಾಗ ಬದಲಾಯಿಸಿತು. ಸರದಿ ಶುರುವಾಗುವುದು ಅರ್ಜಿ ಕಂಪ್ಯೂಟರಿಗೆ ಹತ್ತಿದ ಮೇಲೆ. ಹತ್ತುವ ಮೊದಲು "ನಾಳೆ ಬಾ" ಅನ್ನಬಹುದು. ಹತ್ತಿದ ಮೇಲೂ ನೋಟಿಸ್ ಮುಟ್ಟಿಸೋದು, ಸ್ಥಳಕ್ಕೆ ಹೋಗಿ ವರದಿ ಕೊಡೋದು ಮನುಷ್ಯರೇ ಅಲ್ವಾ?

ಸರ್ಕಾರಿ ಕೆಲಸಕ್ಕೆ ಗಡುವು ಹಾಕಿದ 'ಸಕಾಲ' ಯೋಜನೆಯ ಕಥೆಯೂ ಅಷ್ಟೆ. 2012ರಲ್ಲಿ ಬಂತು. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ನಮ್ಮ ಚಿಕ್ಕಪ್ಪ ಹಾಕಿದ್ದ ಪೌತಿ ಖಾತೆ ಅರ್ಜಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದು, ಒಂದು ಕಚೇರಿಯಲ್ಲಿತ್ತು, ಹೆಸರು ಬೇಡ. ಗಡುವಿನ ಹಿಂದಿನ ದಿನ ಸಂಜೆ ಮೊಬೈಲಿಗೆ ಮೆಸೇಜ್: ತಿರಸ್ಕರಿಸಲಾಗಿದೆ, ದಾಖಲೆ ಅಪೂರ್ಣ. ಯಾವ ದಾಖಲೆ? ಬರೆದಿರಲಿಲ್ಲ. ಕಚೇರಿಯ ಲೆಕ್ಕದಲ್ಲಿ ಅದು ಗಡುವಿನೊಳಗೆ ವಿಲೇವಾರಿ. ಚಿಕ್ಕಪ್ಪ ಹೋಗಿ ಕೂಗಾಡಿದರು. ಆ ಗುಮಾಸ್ತ ತಿರುಗಿ ಕೂಗಾಡಲಿಲ್ಲ. "ತಿಂಗಳ ಮೀಟಿಂಗಲ್ಲಿ ಪೆಂಡಿಂಗ್ ಎಷ್ಟು ಅಂತಷ್ಟೇ ಕೇಳ್ತಾರೆ ಯಜಮಾನ್ರೇ" ಅಂದ. ಅವನ ಮೇಲೆ ನನಗೆ ಸಿಟ್ಟಿದೆ. ಆದರೆ ಅವನನ್ನು ಎತ್ತಂಗಡಿ ಮಾಡಿ ಆ ಮೀಟಿಂಗನ್ನು ಹಾಗೇ ಬಿಟ್ಟರೆ ಮುಂದೆ ಬರುವವನೂ ಅದನ್ನೇ ಕಲಿಯುತ್ತಾನೆ. ಒಂದು ವರ್ಷ ಸಾಕು, ಅದೇ ಕಚೇರಿಯ ಪದ್ಧತಿ ಆಗುತ್ತದೆ. ಸುತ್ತೋಲೆಯೇ ಬೇಡ.

ಇದು ಉಲ್ಟಾನೂ ನಡೆಯುತ್ತದೆ, ಮಾರಾಯ. ನಿನಗೆ ಹೇಳಬೇಕೆಂದಿದ್ದದ್ದೇ ಇದು. ಅದೇ ಕಚೇರಿಗೆ ಆಮೇಲೆ ಒಬ್ಬ ಮೇಡಂ ಕೇಸ್ ವರ್ಕರ್ ಆಗಿ ಬಂದರು. ರಟ್ಟಿನ ತುಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಪೌತಿ ಖಾತೆಗೆ ಬೇಕಾದ್ದು' ಅಂತ ಬರೆದು, ಕೆಳಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಅಂತ ಪಟ್ಟಿ ಮಾಡಿ ಕಿಟಕಿಗೆ ನೇತುಹಾಕಿದರು. ಯಾರ ಆದೇಶವೂ ಇರಲಿಲ್ಲ. ಜನ ಅದರ ಫೋಟೋ ಹೊಡೆದುಕೊಂಡು ಹೋಗಿ ಎಲ್ಲ ಜೋಡಿಸಿಕೊಂಡು ಬರತೊಡಗಿದರು. ಬಾಗಿಲಲ್ಲಿ ಕೂರುತ್ತಿದ್ದ ದಲ್ಲಾಳಿಗೆ ಗಿರಾಕಿ ಕಮ್ಮಿ. ಮೇಡಂಗೆ ವರ್ಗವಾಯಿತು. ಹೊಸಬರು ಬಂದು ಆ ರಟ್ಟು ತೆಗೆಸಿದರು. ಬಂದವರೆಲ್ಲ "ಬೋರ್ಡ್ ಎಲ್ಲಿ ಸಾರ್?" ಅಂತ ಕೇಳಿ ಕೇಳಿ ಅವರಿಗೆ ಸಾಕಾಯಿತು. ಈಗ ಅಲ್ಲಿ ಫ್ಲೆಕ್ಸ್ ಬೋರ್ಡೇ ಇದೆ!

ಹಾಗಂತ ನೀನೊಬ್ಬನೇ ಇಲಾಖೆ ಉದ್ಧಾರ ಮಾಡು ಅನ್ನುತ್ತಿಲ್ಲ. ಒಳ್ಳೆಯ ಅಧಿಕಾರಿ ಒಬ್ಬ ಇದ್ದರೆ ಎಲ್ಲ ಸರಿಹೋಗುತ್ತೆ ಅನ್ನೋ ಮಾತು ನನಗೆ ಆಗಿಬರಲ್ಲ. ಮೇಡಂ ರಟ್ಟು ಉಳಿದದ್ದು ಜನ ಅದನ್ನು ಕೇಳಿದ್ದಕ್ಕೆ. ಆ್ಯಪ್‌ನಲ್ಲಿ ನಿನಗೆ ಸಿಗುವ ಜಾಗ ಸಣ್ಣದು, ನಿಜ. ಆದರೆ ತಿರಸ್ಕರಿಸುವಾಗ ಕಾರಣ ಬರೆಯೋಕೆ ಒಂದು ಖಾಲಿ ಜಾಗ ಇರುತ್ತಲ್ಲ, ಅಲ್ಲಿ 'ದಾಖಲೆ ಅಪೂರ್ಣ' ಅಂತ ಬಿಡುತ್ತೀಯೋ, 'ವಂಶವೃಕ್ಷದಲ್ಲಿ ಎರಡನೇ ಮಗಳ ಹೆಸರಿಲ್ಲ, ಸೇರಿಸಿ ತನ್ನಿ' ಅಂತ ಬರೆಯುತ್ತೀಯೋ? ಅದು ನಿನಗೆ ಬಿಟ್ಟದ್ದು.

ಇನ್ನೊಂದು ವಿಷಯ. ನೀನು ಕಂದಾಯ ಇಲಾಖೆ ಸೇರಿದ್ದು ಚಿಕ್ಕಪ್ಪನಿಗೆ ಗೊತ್ತಾಗಿದೆ. "ನಮ್ಮ ಹುಡುಗನೇ ಅಲ್ಲೇನೋ, ನಂಬರ್ ಕೊಡು, ಒಂದು ಮಾತು ಹೇಳಿಸೋಣ" ಅಂತ ನಿನ್ನೆ ಕೇಳಿದರು. ಕೊಟ್ಟಿಲ್ಲ. ಅವರಿಗೆ ಬೇಜಾರಾಗಿದೆ. ಮದುವೆ ಮನೆಯಲ್ಲಿ ಸಿಕ್ಕಾಗ ನಿನ್ನನ್ನೇ ಕೇಳುತ್ತಾರೆ, ಏನು ಹೇಳಬೇಕು ಅಂತ ಈಗಲೇ ಯೋಚಿಸಿಟ್ಟುಕೋ.

ನಿನ್ನ ಗೆಳೆಯ