ತೋಡಿನ ನೀರಿನ ಬಗ್ಗೆ ಪೋಷಕರಿಗೊಂದು ಪತ್ರ

ಪೋಷಕರಿಗೆ ನಮಸ್ಕಾರ.

ಕಾಫಿ ಕುಯ್ಲಿನ ಗಡಿಬಿಡಿಯಲ್ಲಿದ್ದೀರಿ, ಗೊತ್ತು. ನಮ್ಮ ಹಾಜರಿ ಪುಸ್ತಕ ನೋಡಿದರೇ ತಿಳಿಯುತ್ತದೆ. ಆದರೂ ಒಂದೈದು ನಿಮಿಷ ಕೂತು ಇದನ್ನು ಓದಿ.

ಕಳೆದ ಸೋಮವಾರ ಪ್ರಾರ್ಥನೆಗೆ ಮೊದಲೇ ಏಳನೇ ತರಗತಿಯ ಇಬ್ಬರು ಹುಡುಗರು ಓಡಿ ಬಂದರು. "ಮಿಸ್, ತೋಡಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇವೆ" ಎಂದರು. ಹೋಗಿ ನೋಡಿದೆ. ಶಾಲೆ ಹಿಂದಿನ ಕಾಲುಸಂಕದ ಕೆಳಗೆ ಹರಿಯುವ ಈ ಸಣ್ಣ ಹಳ್ಳದ ನೀರು ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹೊಡೆಯುವ ಹುಳಿ ವಾಸನೆ. ಅಂಚಿನಲ್ಲಿ ಬೆರಳುದ್ದದ ಮೀನುಗಳು ಬಾಯಿ ಮೇಲೆ ಮಾಡಿ ಒದ್ದಾಡುತ್ತಿದ್ದವು. ಬಿಸಿಯೂಟದ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಏಡಿಗಳು ಕಲ್ಲಿನ ಸಂದಿ ಬಿಟ್ಟು ದಡಕ್ಕೆ ಹತ್ತಿ ಕೂತಿದ್ದವು. ಮಳೆಗಾಲದಲ್ಲಿ ಏಡಿ ಹಿಡಿಯಲು ಅದೇ ಸಂದಿಗೆ ಕೈ ಹಾಕುವ ಮಕ್ಕಳು ಅವತ್ತು ಒಂದನ್ನೂ ಮುಟ್ಟಲಿಲ್ಲ.

ಯಾರೋ ವಿಷ ಹಾಕಿದ್ದಾರೆ ಎಂದೇ ಮಕ್ಕಳು ತಿಳಿದಿದ್ದರು. ವಿಷ ಅಲ್ಲ, ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಹೊರಬರುವ ಕೊಳೆ ನೀರು. ಕಾಫಿ ಹಣ್ಣಿನ ಲೋಳೆಯಲ್ಲಿ ಸಕ್ಕರೆ ಇದೆ. ಅದು ತೋಡಿಗೆ ಬಿದ್ದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ತಿಂದು ಹೆಚ್ಚುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ಸೂಕ್ಷ್ಮಜೀವಿಗಳು ಹೀಗೆ ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆಯುವ ಲೆಕ್ಕಕ್ಕೆ ಬಿಓಡಿ ಎನ್ನುತ್ತಾರೆ. ಸ್ನಾನ ಮಾಡುವ ಹೊಳೆಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಮನೆಗಳ ಚರಂಡಿ ನೀರಿನಲ್ಲಿ ಸುಮಾರು 200-300 ಇರುತ್ತದೆ. ಸಂಸ್ಕರಿಸದ ಪಲ್ಪರ್ ನೀರಿನಲ್ಲಿ ಸಾವಿರಗಟ್ಟಲೆ! ಚರಂಡಿಯೇ ವಾಸಿ ಅನ್ನಿಸುತ್ತದೆ, ಅಲ್ವಾ? ಜುಲೈನಲ್ಲಾದರೆ ಮಳೆ ಕೊಚ್ಚಿಕೊಂಡು ಹೋಗುತ್ತಿತ್ತು. ಇದು ಬರುವುದು ಹೊಳೆ ಇಳಿಯುವ ಕಾಲದಲ್ಲಿ.

ನಾನೂ ತೋಟದ ಮನೆಯವಳೇ. ನಮ್ಮಪ್ಪ ಪಲ್ಪರ್ ನೀರನ್ನು ಸೀದಾ ತೋಡಿಗೇ ಬಿಡುತ್ತಿದ್ದರು. ಕತ್ತಲಾದ ಮೇಲೆ ಬಿಟ್ಟರೆ ಯಾರಿಗೂ ಕಾಣಲ್ಲ ಎಂಬ ಜಾಣತನವೂ ನಮ್ಮ ಮನೆಯಲ್ಲಿತ್ತು. ಆ ಕಾಫಿಯ ದುಡ್ಡಲ್ಲೇ ನಾನು ಓದಿದೆ. ಹಾಗಾಗಿ ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಆದರೆ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ಬಾಟಲಿಯಲ್ಲಿ ತೀರ್ಥ ತಂದು ದೇವರ ಮುಂದೆ ಇಡುವವರೂ ನಾವೇ, ಮೂರೇ ತಿಂಗಳಿಗೆ ಅದೇ ಕಾವೇರಿಗೆ ಈ ನೀರು ಬಿಡುವವರೂ ನಾವೇ. ಸೋಮವಾರದಿಂದ ಇದು ನನ್ನ ತಲೆಯಿಂದ ಹೋಗುತ್ತಿಲ್ಲ.

ನಮ್ಮ ತೋಡು ಸಿದ್ದಾಪುರದ ಹತ್ತಿರ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಳಗೆ ದುಬಾರೆ. ಸಾಕಾನೆಗಳು ಮೀಯುವುದು ಅದೇ ನೀರಿನಲ್ಲಿ. ಗೂನುಬೆನ್ನಿನ ಮಹಶೀರ್ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 2018ರಲ್ಲಿ ಅದು ತೀರಾ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಮೀನು ಹೋದರೆ ಅದನ್ನೇ ನಂಬಿದ ನೀರುನಾಯಿಯೂ ಹೋಗುತ್ತದೆ. ಇನ್ನೂ ಕೆಳಗೆ ಕುಶಾಲನಗರ, ಮೈಸೂರು, ಬೆಂಗಳೂರು. ಬೆಂಗಳೂರಲ್ಲಿ ಕೆಲಸದಲ್ಲಿರುವ ನಿಮ್ಮ ದೊಡ್ಡ ಮಗ ನಲ್ಲಿ ತಿರುಗಿಸಿದರೆ ಬರುವುದೂ ಇದೇ ಹೊಳೆ.

ಅಷ್ಟು ದೂರ ಯಾಕೆ? ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಪಾತ್ರೆ, ಬಟ್ಟೆ, ಸ್ನಾನ ಎಲ್ಲಕ್ಕೂ ತೋಡೇ ಗತಿ. ಈ ವಾರ ನಾಲ್ಕೈದು ಮಕ್ಕಳು ಕಾಲು ಕೆರೆದುಕೊಳ್ಳುತ್ತಾ ಬಂದಿದ್ದಾರೆ. ಇದರಿಂದಲೇ ಅಂತ ಹೇಳಲು ನಾನು ಡಾಕ್ಟರಲ್ಲ. ಆದರೂ ನೀರು ತಿಳಿಯಾಗುವವರೆಗೆ ಮಕ್ಕಳನ್ನು ತೋಡಿಗೆ ಇಳಿಸಬೇಡಿ. ಕುಡಿಯುವ ನೀರನ್ನು ಮನೆಯಲ್ಲೇ ಕುದಿಸಿ, ಆರಿಸಿ ಬಾಟಲಿಗೆ ಹಾಕಿ ಕಳಿಸಿ. ಕುದಿಸಿದರೆ ಟೈಫಾಯಿಡ್, ಕಾಮಾಲೆ ತರುವ ರೋಗಾಣು ಸಾಯುತ್ತವೆ. ತೋಟಕ್ಕೆ ಹೊಡೆಯುವ ಔಷಧಿಯ ಅಂಶ ಮಾತ್ರ ಹೋಗುವುದಿಲ್ಲ.

ಔಷಧಿ ಎಂದಾಗ ನೆನಪಾಯಿತು. ಶಿಲೀಂಧ್ರ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಡ್ರಮ್ಮು, ಸ್ಪ್ರೇಯರನ್ನು ತೋಡಲ್ಲಿ ಜಾಲಾಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದರಲ್ಲಿರುವ ಮೈಲುತುತ್ತದಲ್ಲಿ ತಾಮ್ರ ಇದೆ. ಮೀನಿಗೆ, ಹುಳಕ್ಕೆ ಅದು ಸ್ವಲ್ಪವೇ ಸಾಕು. ಡ್ರಮ್ಮನ್ನು ತೋಟದೊಳಗೇ ತೊಳೆದು, ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ.

ಪಲ್ಪರ್ ಇರುವವರಿಗೆ ಒಂದು ಕೋರಿಕೆ. ಬಳಸಿದ ನೀರನ್ನೇ ಮತ್ತೆ ಪಲ್ಪರಿಗೆ ತಿರುಗಿಸಿದರೆ ಅರ್ಧ ತಲೆನೋವು ಕಡಿಮೆ. ಉಳಿದದ್ದಕ್ಕೆ ಸುಣ್ಣ ಹಾಕಿ ಹುಳಿ ಮುರಿದು, ಹೊಂಡದಿಂದ ಹೊಂಡಕ್ಕೆ ಹಾಯಿಸಿ ನಿಲ್ಲಿಸಬೇಕು. ಹೊಂಡ ಬಾವಿಯಿಂದ ದೂರ ಇರಲಿ. ಸಿಪ್ಪೆಯನ್ನು ಸಗಣಿ ಜೊತೆ ಸೇರಿಸಿದರೆ ಗೊಬ್ಬರ. ಕಾಫಿ ಮಂಡಳಿಯವರನ್ನು ಕೇಳಿದರೆ ವಿಧಾನ ಹೇಳಿಕೊಡುತ್ತಾರೆ. ಹೊಂಡಕ್ಕೆ ಖರ್ಚಿದೆ, ಸಣ್ಣ ಬೆಳೆಗಾರರಿಗೆ ಅದು ಕಷ್ಟವೇ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ಮಾಡಿಕೊಳ್ಳಬಹುದಾ? ಈ ಶನಿವಾರ ಬೆಳಿಗ್ಗೆ 11ಕ್ಕೆ ಶಾಲೆಯಲ್ಲಿ ಕೂತು ಅದನ್ನೇ ಮಾತಾಡೋಣ. ನೀರು ಯಾರ ತೋಟದಿಂದ ಬಂತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದಕ್ಕೆ ನಾನು ಜವಾಬ್ದಾರಿ.

ಇಂತಿ,
ಮುಖ್ಯ ಶಿಕ್ಷಕಿ

ಮರೆತಿದ್ದೆ: ಸೋಮವಾರದ ನೀರನ್ನು ಮಕ್ಕಳು ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿ ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಶನಿವಾರ ಬಂದಾಗ ಮುಚ್ಚಳ ತೆಗೆದು ಮೂಸಿ ನೋಡಿ.