340ರಲ್ಲಿ ಕಣ್ಣು ಕಾಣದ ನಿಮ್ಮ ಅನಲೈಸರ್ ಬಗ್ಗೆ ದೂರು

ರಾಯಚೂರು
22 ನವೆಂಬರ್ 2025

ಇವರಿಗೆ,
ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು ಕಚೇರಿ

ವಿಷಯ: ರಕ್ತ ಪರೀಕ್ಷೆಯ ಬಯೋಕೆಮಿಸ್ಟ್ರಿ ಅನಲೈಸರ್ 19 ದಿನಗಳಿಂದ ರಿಪೇರಿಯಾಗದಿರುವುದು ಮತ್ತು ಸಿಎಂಸಿಯಲ್ಲಿ (ಬಿಡಿಭಾಗವೂ ಸೇರಿದ ನಿರ್ವಹಣಾ ಒಪ್ಪಂದದಲ್ಲಿ) ಸೇರಿರುವ ಲ್ಯಾಂಪಿಗೆ ಬಿಲ್ ಕಳಿಸಿರುವುದು

ಮಾನ್ಯರೇ,

ಸಿಟ್ಟಿನಲ್ಲಿ ಪತ್ರ ಬರೆಯಬಾರದು ಅಂತ ಎರಡು ದಿನ ಸುಮ್ಮನಿದ್ದೆ. ಸಿಟ್ಟು ಇಳಿಯಲಿಲ್ಲ. ಆದರೂ ಮರ್ಯಾದೆ ಬಿಡದೆ ಬರೆಯಲು ನೋಡುತ್ತೇನೆ.

ನನ್ನ ಲ್ಯಾಬ್ ಗಂಜ್ ರಸ್ತೆಯಲ್ಲಿದೆ. ಸಣ್ಣದು. ನಾನು, ನನಗೊಬ್ಬ ಸಹಾಯಕಿ, ಬೈಕಿನಲ್ಲಿ ಸ್ಯಾಂಪಲ್ ತರುವ ಒಬ್ಬ ಹುಡುಗ. ಸಂಜೆ ಪ್ಯಾಥಾಲಜಿ ಡಾಕ್ಟರ್ ಬಂದು ರಿಪೋರ್ಟ್ ನೋಡಿ ಸಹಿ ಮಾಡುತ್ತಾರೆ. ಲ್ಯಾಬ್ ಡಿಪ್ಲೊಮಾ ಡಿಎಂಎಲ್‌ಟಿ ಮುಗಿಸಿ ನನಗೆ 16 ವರ್ಷವಾಯಿತು. 2022ರಲ್ಲಿ ಬ್ಯಾಂಕ್ ಸಾಲ ಮಾಡಿ ನಿಮ್ಮ ಮಷೀನ್ ತಗೊಂಡೆ. ವಾರಂಟಿ ಮುಗಿದ ಮರುದಿನವೇ ಸಿಎಂಸಿ ಕಟ್ಟಿದೆ. ಬಿಡಿಭಾಗ ಸೇರದ ಎಎಂಸಿ ಅಲ್ಲ, ಸಿಎಂಸಿ. ಅದರಲ್ಲಿ ಏನೇನು ಸೇರುತ್ತದೆ, ಕರೆ ಮಾಡಿದ ಎಷ್ಟು ಗಂಟೆಯೊಳಗೆ ನಿಮ್ಮವರು ಬರಬೇಕು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆದವರು ನೀವೇ.

ನವೆಂಬರ್ 3, ಸೋಮವಾರ. ಬೆಳಿಗ್ಗೆ ಎಂದಿನಂತೆ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್, ಹಾಕಿದೆ. ಲಿವರಿನ ಎಸ್‌ಜಿಒಟಿ, ಎಸ್‌ಜಿಪಿಟಿ, ಕಿಡ್ನಿಯ ಯೂರಿಯಾ ಮೂರೂ ಫೇಲ್. ಉಳಿದದ್ದೆಲ್ಲ ಪಾಸ್. ಪರದೆಯ ಮೇಲೆ ರಿಏಜೆಂಟ್ ಬ್ಲ್ಯಾಂಕ್ ಔಟ್ ಆಫ್ ರೇಂಜ್ ಅಂತ ಕೆಂಪಕ್ಷರ. ರಿಏಜೆಂಟ್, ಅಂದರೆ ಟೆಸ್ಟಿಗೆ ಬೆರೆಸುವ ದ್ರಾವಣ, ಕೆಟ್ಟಿರಬೇಕು ಅಂದುಕೊಂಡು ಬೇರೆ ಲಾಟಿನ ಬಾಟಲಿ ತೆರೆದೆ. ಅದೇ ಹಾಡು. ಹೊಸ ಕಂಟ್ರೋಲ್ ಕರಗಿಸಿದೆ, ಸ್ಯಾಂಪಲ್ ಹೀರುವ ಪ್ರೋಬ್ ತೊಳೆದೆ, ಟೆಸ್ಟ್ ನಡೆಯುವ ಸಣ್ಣ ಪಾತ್ರೆಗಳ ಕ್ಯುವೆಟ್ ವಾಶ್ ಎರಡು ಸಲ ಓಡಿಸಿದೆ, ಲವಣ ತೆಗೆದ ಡಿಐ ನೀರು ಬದಲಿಸಿದೆ, ಮತ್ತೆ ಕ್ಯಾಲಿಬ್ರೇಷನ್ ಮಾಡಿದೆ. ಕೊನೆಗೆ ಒಂದೇ ಸೀರಮ್ ಅನ್ನು ಹತ್ತು ಸಲ ಓಡಿಸಿ ನೋಡಿದೆ. ಗ್ಲೂಕೋಸ್ 102, 103, 101 ಅಂತ ನೆಟ್ಟಗೆ ನಿಂತಿತು. ಎಸ್‌ಜಿಪಿಟಿ 38, 57, 24, 49. ಒಬ್ಬನೇ ಮನುಷ್ಯನ ಲಿವರ್ ಅರ್ಧ ಗಂಟೆಯಲ್ಲಿ ಕೆಟ್ಟು, ಸುಧಾರಿಸಿ, ಮತ್ತೆ ಕೆಟ್ಟಿತು.

ಈ ಮೂರು ಟೆಸ್ಟುಗಳಿಗೆ ಏನು ನಂಟು ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಆದರೆ ನಿಮ್ಮ ಹೆಲ್ಪ್‌ಲೈನಿಗೆ ಹೇಳಬೇಕಾಯಿತು, ಅದಕ್ಕೆ ಇಲ್ಲೂ ಬರೆಯುತ್ತೇನೆ. ಮೂರನ್ನೂ ಮಷೀನ್ ಓದುವುದು 340 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ. ರಿಏಜೆಂಟಿನಲ್ಲಿರುವ ಎನ್‌ಎಡಿಎಚ್ ಅನ್ನುವ ವಸ್ತು ಆ ಬೆಳಕನ್ನು ಹೀರುತ್ತದೆ. ರಿಯಾಕ್ಷನ್ ನಡೆದ ಹಾಗೆ ಎನ್‌ಎಡಿಎಚ್ ಖರ್ಚಾಗುತ್ತದೆ, ಹೀರುವುದು ಕಡಿಮೆಯಾಗುತ್ತದೆ. ಎಷ್ಟು ಬೇಗ ಕಡಿಮೆಯಾಯಿತು ಅನ್ನುವುದೇ ನಮ್ಮ ರಿಸಲ್ಟ್. ಇನ್ನು ಮಷೀನಿನೊಳಗಿರುವುದು 12 ವೋಲ್ಟ್, 20 ವ್ಯಾಟಿನ ಹ್ಯಾಲೊಜೆನ್ ಲ್ಯಾಂಪ್. 340 ಅಂದರೆ ಕಣ್ಣಿಗೆ ಕಾಣದ ಬೆಳಕು. ಹೊಸ ಲ್ಯಾಂಪಿನಲ್ಲೂ ಅದು ಇರುವುದೇ ಕಡಿಮೆ, ಲ್ಯಾಂಪ್ ಹಳೆಯದಾದರೆ ಮೊದಲು ಸೊರಗುವುದೂ ಅದೇ. ಗ್ಲೂಕೋಸ್, ಕೊಲೆಸ್ಟ್ರಾಲ್ ಓದುವ 505ರ ಹತ್ತಿರದ ಬೆಳಕು ಆಗಲೂ ಚೆನ್ನಾಗಿಯೇ ಇರುತ್ತದೆ. ಲ್ಯಾಂಪ್ ಹೊರಗಿನಿಂದ ನೋಡಿದರೆ ಝಗಮಗ ಉರಿಯುತ್ತಿರುತ್ತದೆ. ವಯಸ್ಸಾದವರಿಗೆ ದೂರದ ಬಸ್ಸು ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲವಲ್ಲ, ಹಾಗೆ.

ನೀರು ಸರಿ ಇಲ್ಲದಿದ್ದರೆ ನನ್ನ ಕ್ಯಾಲ್ಸಿಯಂ ಮೊದಲು ಕೆಡಬೇಕಿತ್ತು. ಕೆಟ್ಟಿಲ್ಲ. ಪ್ರೋಬ್ ಕಟ್ಟಿಕೊಂಡಿದ್ದರೆ ಗ್ಲೂಕೋಸ್ ಕುಣಿಯಬೇಕಿತ್ತು. ಕುಣಿದಿಲ್ಲ. 37 ಡಿಗ್ರಿ ಶಾಖ ಏರುಪೇರಾಗಿದ್ದರೆ ಆಲ್ಕಲೈನ್ ಫಾಸ್ಫಟೇಸ್ ಕೂಡ ತಪ್ಪಬೇಕಿತ್ತು. ಅದೂ ಎಸ್‌ಜಿಪಿಟಿಯ ಹಾಗೆ ಕಿಣ್ವವೇ, ಆದರೆ ಅದನ್ನು ಓದುವುದು 405ರಲ್ಲಿ. ಅದು ಪಾಸ್. ಮೆಂಟೆನೆನ್ಸ್ ಪುಟದಲ್ಲಿ ಲ್ಯಾಂಪ್ ಅವರ್ಸ್ ನೋಡಿದೆ. 2,180. ನಿಮ್ಮದೇ ಮ್ಯಾನ್ಯುಯಲ್ 2,000ಕ್ಕೆ ಬದಲಿಸಿ ಅನ್ನುತ್ತದೆ. ಆಗಸ್ಟಿನಲ್ಲಿ ಸರ್ವಿಸಿಗೆ ಬಂದ ನಿಮ್ಮ ಎಂಜಿನಿಯರ್ 'ಲ್ಯಾಂಪ್ ಚೆಕ್ಡ್, ಓಕೆ' ಅಂತ ಟಿಕ್ ಹಾಕಿ ಎರಡು ಕಪ್ ಚಹಾ ಕುಡಿದು ಹೋಗಿದ್ದಾರೆ. ಚಹಾಕ್ಕೆ ನನ್ನ ತಕರಾರಿಲ್ಲ.

ಇಷ್ಟೂ ಅದೇ ದಿನ ಮಧ್ಯಾಹ್ನ ಫೋನಿನಲ್ಲಿ ಹೇಳಿದೆ. ಇಮೇಲ್‌ನಲ್ಲೂ ಬರೆದೆ. ಐದು ದಿನ ಬಿಟ್ಟು, 8ನೇ ತಾರೀಕು, ಹುಬ್ಬಳ್ಳಿಯಿಂದ ಒಬ್ಬರು ಬಂದರು. ಒಳ್ಳೆಯ ಹುಡುಗ. ಕವರ್ ತೆಗೆದು ನೋಡಿ, "ಹೌದ್ರಿ ಮೇಡಂ, ಲ್ಯಾಂಪೇ ಹೋಗೇತಿ, ಆದ್ರ ಸ್ಟಾಕಿಲ್ಲ, ತರಸ್ತೀನಿ" ಅಂದರು. ರಿಪೋರ್ಟಿಗೆ ಸಹಿ ಹಾಕಿಸಿಕೊಂಡು ಹೋದರು. ಆ ರಿಪೋರ್ಟನ್ನು ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಈ ಇಡೀ ಕಥೆಯಲ್ಲಿ ನಾನು ಒಪ್ಪಿಕೊಳ್ಳುವ ತಪ್ಪು ಅದೊಂದೇ.

ಈಗ ನವೆಂಬರ್ 17ರ ಕರೆಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಸಮಯ ಬೆಳಿಗ್ಗೆ ಹತ್ತು ಗಂಟೆ. ಲ್ಯಾಬಿನ ಬೆಂಚಿನ ಮೇಲೆ ಏಳು ಜನ. ಕೈಯಲ್ಲಿ ಗ್ಲೌಸ್ ಇತ್ತು, ಅದಕ್ಕೆ ಫೋನನ್ನು ಸ್ಪೀಕರಿಗೆ ಹಾಕಿದೆ. ಅದೂ ತಪ್ಪಾಯಿತೇನೋ. ಹನ್ನೊಂದು ನಿಮಿಷ ಸಂತೂರ್ ಕೇಳಿಸಿದಿರಿ. ಆಮೇಲೆ ಒಬ್ಬರು ಬಂದರು. ಹೆಸರು ನಿಮ್ಮ ದಾಖಲೆಯಲ್ಲಿದೆ, ನಾನು ಬರೆಯುವುದಿಲ್ಲ.

"ಮೇಡಂ, ಮಷೀನ್ ಆನ್ ಆಗಿದೆಯಾ?"

ಆಗಿದೆ ಅಂದೆ.

"ಎಲ್ಲಾ ಲೈಟ್ ಬರ್ತಿದೆಯಾ?"

"ಒಂದು ಬಿಟ್ಟು ಎಲ್ಲಾ ಬರ್ತಿದೆ" ಅಂದೆ. ಅವರಿಗೆ ತಿಳಿಯಲಿಲ್ಲ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ."

ಆಫ್ ಮಾಡಿ ಆನ್ ಮಾಡಿದರೆ ಲ್ಯಾಂಪ್ ಬಿಸಿಯಾಗಿ, ಶಾಖ ನಿಂತು, ಕ್ಯುವೆಟ್ ತೊಳೆದು ಮುಗಿಯಲು ಅರ್ಧ ಗಂಟೆ ಬೇಕು. ಸರಿ ಇರುವ ಟೆಸ್ಟುಗಳೂ ನಿಲ್ಲುತ್ತವೆ. ಹೇಳಿದೆ. "ಪ್ರೊಸೀಜರ್ ಮೇಡಂ" ಅಂದರು. ಮಾಡಿದೆ. ಅಷ್ಟರಲ್ಲಿ ಕರೆ ಕಟ್ಟಾಯಿತು. ಮತ್ತೆ ಮಾಡಿದೆ. ಮತ್ತೆ ಸಂತೂರ್. ಅದೃಷ್ಟಕ್ಕೆ ಅವರೇ ಸಿಕ್ಕರು. ಮತ್ತೆ ಶುರು: "ಮೇಡಂ, ಮಷೀನ್ ಆನ್ ಆಗಿದೆಯಾ?"

ಆಮೇಲೆ ಹೇಳಿದರು, ಸಿಸ್ಟಂನಲ್ಲಿ ನನ್ನ ದೂರು 8ನೇ ತಾರೀಕೇ ಕ್ಲೋಸ್ ಆಗಿದೆಯಂತೆ. ಕಾರಣ ಓದಿ ಅಂದೆ. ಓದಿದರು. 'ಯೂಸರ್ ಟ್ರೇನಿಂಗ್ ನೀಡಲಾಗಿದೆ. ಮಷೀನ್ ಸರಿ ಇದೆ.' ಸ್ಪೀಕರಿನಲ್ಲಿ, ಏಳು ಜನರ ಮುಂದೆ.

"ಪ್ರಾಬ್ಲಂ ಕರೆಂಟಿಂದ ಇರಬಹುದು ಮೇಡಂ. ರಾಯಚೂರು ಕಡೆ ಕರೆಂಟ್ ಸರಿ ಇರಲ್ಲ ಅಲ್ವಾ?"

ಸ್ವಾಮಿ, ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ ಶಕ್ತಿನಗರ ಇದೆ. 1985ರಿಂದ ಅಲ್ಲಿ ಕಲ್ಲಿದ್ದಲು ಸುಟ್ಟು ಇಡೀ ರಾಜ್ಯಕ್ಕೆ ಕರೆಂಟ್ ಕೊಡುತ್ತಿದ್ದಾರೆ. ಆ ಮಾತಾಡುವಾಗ ನಿಮ್ಮವರ ತಲೆ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಕೇಳಿ, ಅದಕ್ಕೆ ನಮ್ಮೂರು ಗೊತ್ತಿರುತ್ತದೆ. ಇದನ್ನು ಫೋನಿನಲ್ಲಿ ಹೇಳಲಿಲ್ಲ. ಮರ್ಯಾದೆಯಿಂದ, "ಆನ್‌ಲೈನ್ ಯುಪಿಎಸ್ ಇದೆ, ಅರ್ಥಿಂಗ್ ಚೆಕ್ ಮಾಡಿಸಿದ್ದೇನೆ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2 ವೋಲ್ಟಿಗಿಂತ ಕಡಿಮೆ" ಅಂದೆ. ಆಮೇಲೆ 340ರ ವಿಷಯ ಹೇಳತೊಡಗಿದೆ. ಎನ್‌ಎಡಿಎಚ್ ಅನ್ನುವಷ್ಟರಲ್ಲಿ ತಡೆದರು.

"ಮೇಡಂ, ಥಿಯರಿ ಬೇಡ. ಟೆಕ್ನಿಕಲ್ ಆಗಿ ಗೊತ್ತಿರೋ ಜೆಂಟ್ಸ್ ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡಿ."

ಲ್ಯಾಬಿನಲ್ಲಿ ಆ ಹೊತ್ತಿಗಿದ್ದ ಜೆಂಟ್ಸ್ ಅಂದರೆ ನಮ್ಮ ಬೈಕ್ ಹುಡುಗ. ವಯಸ್ಸು 19. ಬೈಕ್ ಚೆನ್ನಾಗಿ ಓಡಿಸುತ್ತಾನೆ. ಪಿಯುಸಿಯಲ್ಲಿ ಕೆಮಿಸ್ಟ್ರಿ ಎರಡು ಸಲ ಉಳಿಸಿಕೊಂಡಿದ್ದಾನೆ. ಅವನ ಮುಂದೆ ಫೋನ್ ಹಿಡಿದೆ. ನಾನು ಮೆಲ್ಲಗೆ ಹೇಳಿದ್ದನ್ನು ಅವನು ಜೋರಾಗಿ ಹೇಳಿದ. ಒಂದೊಂದೇ ಮಾತು. "ಸರ್, ಮುನ್ನೂರಾ ನಲವತ್ತರಾಗ ಓದೋ ಟೆಸ್ಟ್ ಅಷ್ಟೇ ಫೇಲ್ ಆಗ್ಲಿಕತ್ಯಾವ. ಲ್ಯಾಂಪ್ ಎರಡು ಸಾವಿರ ತಾಸು ದಾಟೇತಿ."

ನಿಮ್ಮವರ ಉತ್ತರ: "ಹಾ ಸರ್, ಈಗ ಕ್ಲಿಯರ್ ಆಯ್ತು. ಲ್ಯಾಂಪೇ ಇರಬೇಕು ಸರ್."

ಎರಡು ವಾರದಿಂದ ನಾನು ಹೇಳುತ್ತಿದ್ದ ಮಾತು ಅದು. ಹುಡುಗ ನನ್ನ ಮುಖ ನೋಡಲಾರದೆ ಗೋಡೆ ನೋಡಿದ. ಬೆಂಚಿನ ಮೇಲೆ ದೇವದುರ್ಗದಿಂದ ಮೊದಲ ಬಸ್ಸಿಗೆ ಬಂದಿದ್ದ ಒಬ್ಬ ಅಜ್ಜಿ ಕೂತಿದ್ದರು. ಸಕ್ಕರೆ ಟೆಸ್ಟಿಗೆ ಅಂತ ಖಾಲಿ ಹೊಟ್ಟೆಯಲ್ಲಿ ಬಂದವರು, ಚಹಾ ಕೂಡ ಕುಡಿದಿರಲಿಲ್ಲ. ನಿಮ್ಮ ಪ್ರೊಸೀಜರಿಗಾಗಿ ಮಷೀನ್ ಆಫ್ ಮಾಡಿದ್ದಕ್ಕೆ ಅವರೂ ಕಾಯುತ್ತಿದ್ದರು. ಅವರು ಕೇಳಿದರು: "ಯವ್ವಾ, ಆ ಮನುಷ್ಯಾ ಹೆಣ್ಮಕ್ಕಳ ಕೂಡ ಮಾತಾಡಂಗಿಲ್ಲೇನು?"

ನನ್ನ ಬಳಿ ಉತ್ತರ ಇರಲಿಲ್ಲ. ನಿಮ್ಮ ಬಳಿ ಇದ್ದರೆ ಬರೆದು ಕಳಿಸಿ, ಆ ಅಜ್ಜಿಗೆ ಓದಿ ಹೇಳುತ್ತೇನೆ.

ಕರೆ ಇಷ್ಟಕ್ಕೇ ಮುಗಿಯಲಿಲ್ಲ. ಲ್ಯಾಂಪ್ ಬರುವವರೆಗೆ ಏನು ಮಾಡಬೇಕು ಅಂತ ಹುಡುಗ ಕೇಳಿದ. ನಿಮ್ಮವರು ಹೇಳಿದ್ದು ಇದು: "ಅಲ್ಲೀವರೆಗೂ ಫ್ಯಾಕ್ಟರ್ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸರ್, ಕಂಟ್ರೋಲ್ ರೇಂಜಿಗೆ ಬರುತ್ತೆ."

ಇದನ್ನು ನೀವು ಎರಡು ಸಲ ಓದಬೇಕು. ಫ್ಯಾಕ್ಟರ್ ಅಂದರೆ ಮಷೀನ್ ಓದಿದ್ದನ್ನು ರಿಸಲ್ಟ್ ಮಾಡಲು ಗುಣಿಸುವ ಅಂಕಿ. ಕಂಟ್ರೋಲ್ ಇರುವುದು ಮಷೀನ್ ಸುಳ್ಳು ಹೇಳುತ್ತಿದೆಯೇ ಅಂತ ತಿಳಿಯಲು. ಫ್ಯಾಕ್ಟರ್ ತಿದ್ದಿ ಕಂಟ್ರೋಲನ್ನು ಪಾಸ್ ಮಾಡಿಸಿದರೆ ಮಷೀನಿನ ಜೊತೆ ನಾನೂ ಸುಳ್ಳು ಹೇಳಿದ ಹಾಗೆ. ಅದೂ ಈ ಮಷೀನಿನಲ್ಲಿ ನಂಬರು ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಯಾವ ಫ್ಯಾಕ್ಟರ್ ಹಾಕಿದರೂ ನಿಲ್ಲುವುದಿಲ್ಲ. ನನ್ನ ಹತ್ತಿರ ಟಿಬಿ ಔಷಧಿ ತಗೊಳ್ಳುವವರು ಬರುತ್ತಾರೆ. ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರಿಗೆ ಪೆಟ್ಟು ಕೊಡಬಲ್ಲವು. ಎಸ್‌ಜಿಪಿಟಿ ನೋಡಿ ಡಾಕ್ಟರು ಔಷಧಿ ಮುಂದುವರಿಸುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಅಲ್ಲಿ ನಾನು 'ಸ್ವಲ್ಪ ಅಡ್ಜಸ್ಟ್' ಮಾಡಬೇಕೇ?

ಮಾಡಲಿಲ್ಲ. 3ನೇ ತಾರೀಕಿನಿಂದ ಆ ಮೂರು ಟೆಸ್ಟುಗಳ ಒಂದು ರಿಪೋರ್ಟೂ ನನ್ನ ಮಷೀನಿನಿಂದ ಹೊರಗೆ ಹೋಗಿಲ್ಲ. 143 ಸ್ಯಾಂಪಲ್ ಬೇರೆ ಲ್ಯಾಬಿಗೆ ಕಳಿಸಿದ್ದೇನೆ, ತಲಾ 80 ರೂಪಾಯಿಯಂತೆ 11,440 ರೂಪಾಯಿ ಕೈಯಿಂದ ಕೊಟ್ಟಿದ್ದೇನೆ. ಪೆಟ್ರೋಲ್ ಲೆಕ್ಕ ಹಿಡಿದಿಲ್ಲ.

ಇನ್ನು 20ನೇ ತಾರೀಕಿನ ಕೊರಿಯರ್. ತೆರೆದರೆ ಲ್ಯಾಂಪ್! ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕೆಳಗೆ ಬಿಲ್ ಇತ್ತು. 5,000 ರೂಪಾಯಿ, ಜಿಎಸ್‌ಟಿ 900, ಒಟ್ಟು 5,900. ಜೊತೆಗೊಂದು ಚೀಟಿ: ಗ್ರಾಹಕರೇ ಅಳವಡಿಸಿಕೊಳ್ಳಬೇಕು. ಮಷೀನಿನ ಕವರ್ ಮೇಲೆ ನಿಮ್ಮದೇ ಸ್ಟಿಕ್ಕರ್ ಇದೆ, ಎಂಜಿನಿಯರ್ ಬಿಟ್ಟು ಬೇರೆಯವರು ಬಿಚ್ಚಿದರೆ ಸಿಎಂಸಿ ರದ್ದು ಅಂತ. ಬಿಚ್ಚದಿದ್ದರೆ ಲ್ಯಾಂಪ್ ಇಲ್ಲ, ಬಿಚ್ಚಿದರೆ ಸಿಎಂಸಿ ಇಲ್ಲ. ಹೊಸ ಲ್ಯಾಂಪ್ ಹಾಕಿದ ಮೇಲೆ ಬೆಳಕು ಅಳೆಯುವ ಫೋಟೋಮೀಟರಿನ ಗೇನ್ ಸೆಟ್ ಮಾಡಬೇಕು, ಅದಕ್ಕೆ ಸರ್ವಿಸ್ ಪಾಸ್‌ವರ್ಡ್ ಬೇಕು, ಅದನ್ನು ನೀವು ಕೊಡುವುದಿಲ್ಲ. ಇಷ್ಟು ಸಾಲದು ಅಂತ ಲ್ಯಾಂಪಿನ ಗಾಜಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು. ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ಅಂಟಿದ ಕಡೆ ಗಾಜು ಜಾಸ್ತಿ ಕಾದು ಲ್ಯಾಂಪ್ ಬೇಗ ಹೋಗುತ್ತದೆ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದವರೂ ನೀವೇ. ಆ ಹೆಬ್ಬೆರಳಿನವರಿಗೆ ಯೂಸರ್ ಟ್ರೇನಿಂಗ್ ಕೊಡಿಸಿ. ಲ್ಯಾಂಪನ್ನು ಮುಟ್ಟದೆ ಹಾಗೇ ಇಟ್ಟಿದ್ದೇನೆ. ಫೋಟೋ ಈ ಪತ್ರದ ಜೊತೆಗಿದೆ.

ನವೆಂಬರ್ 27, ಗುರುವಾರ ಸಂಜೆಯೊಳಗೆ ಎಂಜಿನಿಯರ್ ಒಳ್ಳೆಯ ಲ್ಯಾಂಪ್ ತಂದು ಹಾಕಬೇಕು, ಮೂರೂ ಟೆಸ್ಟಿನ ಕಂಟ್ರೋಲ್ ನನ್ನೆದುರಿಗೆ ಪಾಸ್ ಆಗಬೇಕು, ಬಿಲ್ ವಾಪಸ್ ಹೋಗಬೇಕು, 11,440 ರೂಪಾಯಿ ಬರಬೇಕು. 8ನೇ ತಾರೀಕಿನ ರಿಪೋರ್ಟಿನಲ್ಲಿ 'ಯೂಸರ್ ಟ್ರೇನಿಂಗ್' ಅನ್ನುವುದನ್ನು ಹೊಡೆದು 'ಲ್ಯಾಂಪ್ ಹಾಳು' ಅಂತ ಬರೆದು ಕೊಡಬೇಕು. ನಿಜ ಹೇಳಬೇಕೆಂದರೆ, ದುಡ್ಡಿಗಿಂತ ನನಗೆ ಅದೇ ಮುಖ್ಯ.

ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕೆ ತಗೊಂಡವರು ಗ್ರಾಹಕರಲ್ಲ ಅಂತ ನಿಮ್ಮ ವಕೀಲರು ಹೇಳಬಹುದು. 2019ರ ಕಾಯ್ದೆಯ ಕಲಂ 2(7)ರ ವಿವರಣೆಯನ್ನು ಅವರಿಗೆ ತೋರಿಸಿ. ಹೊಟ್ಟೆಪಾಡಿನ ಸ್ವಂತ ಉದ್ಯೋಗಕ್ಕೆ ತಗೊಂಡವರು ಗ್ರಾಹಕರೇ. ಇನ್ನೊಂದು ವಿಷಯ, ದೂರು ಕೊಡುವವರು ತಾವಿರುವ ಊರಲ್ಲೇ ಕೊಡಬಹುದು. ಎಂಜಿನಿಯರ್ ಕಳಿಸಲು ನಿಮಗೆ ದೂರವಾದ ಈ ರಾಯಚೂರಿಗೆ ಆಗ ವಕೀಲರನ್ನು ಕಳಿಸಿ.

ಕರೆ ಶುರುವಾಗುವಾಗ ನಿಮ್ಮ ಮಷೀನ್ ಹೇಳುತ್ತದಲ್ಲ, ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಅಂತ. ನನ್ನ ಲ್ಯಾಬಿನ ಫೋನಿನಲ್ಲೂ ಪ್ರತಿ ಕರೆ ತಾನಾಗಿ ರೆಕಾರ್ಡ್ ಆಗುತ್ತದೆ, ಅದೂ ಗುಣಮಟ್ಟಕ್ಕಾಗಿಯೇ. ಫ್ಯಾಕ್ಟರ್ ಮಾತು ಅದರಲ್ಲಿ ಸ್ಪಷ್ಟವಾಗಿದೆ. ಮಾನ್ವಿ, ಸಿಂಧನೂರು, ಲಿಂಗಸುಗೂರಿನ ಲ್ಯಾಬಿನವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಇನ್ನೂ ಹಾಕಿಲ್ಲ. ಅವರಲ್ಲಿ ಇಬ್ಬರು ಮುಂದಿನ ತಿಂಗಳು ಹೊಸ ಅನಲೈಸರ್ ತಗೊಳ್ಳುವವರಿದ್ದಾರೆ. ಯಾವುದು ಒಳ್ಳೆಯದು ಅಂತ ನನ್ನನ್ನೇ ಕೇಳಿದ್ದಾರೆ.

ಈ ಪತ್ರದ ಬಗ್ಗೆ ಮಾತಾಡಬೇಕಿದ್ದರೆ ಲ್ಯಾಬಿನ ನಂಬರಿಗೆ ಮಾಡಿ. ನಾನೇ ಎತ್ತುತ್ತೇನೆ. ಜೆಂಟ್ಸಿಗೆ ಕೊಡುವುದಿಲ್ಲ.

ಇಂತಿ,
ಲ್ಯಾಬ್ ಮಾಲೀಕಳು ಮತ್ತು ಟೆಕ್ನೀಷಿಯನ್
ಗಂಜ್ ರಸ್ತೆ, ರಾಯಚೂರು