ಕರುಳಿನ ಔಷಧ ಪ್ರಯೋಗಗಳಲ್ಲಿ ಮೊದಲು ಅಳತೆ ಸರಿಯಾಗಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಕರುಳಿನ ಕಾಯಿಲೆಗಳ ಔಷಧ ಪ್ರಯೋಗಕ್ಕೆ ಸರ್ಕಾರದ ಹಣ ಕೇಳುವ ಅರ್ಜಿಗಳಲ್ಲಿ ಮಾತ್ರೆಗೆಷ್ಟು, ಸಿಬ್ಬಂದಿಗೆಷ್ಟು ಎಂಬ ಲೆಕ್ಕ ಪುಟಗಟ್ಟಲೆ ಇರುತ್ತದೆ. ಕಾಯಿಲೆ ಎಷ್ಟಿತ್ತು, ಎಷ್ಟು ಇಳಿಯಿತು ಎಂದು ಅಳೆಯುವ ಕೆಲಸಕ್ಕೂ ಅಷ್ಟೇ ಲೆಕ್ಕ ಕೇಳಿ. ಅಳತೆ ಕೆಟ್ಟರೆ ಒಳ್ಳೆಯ ಔಷಧವೂ ಸೋತಂತೆ ಕಾಣುತ್ತದೆ.

ದೊಡ್ಡ ಕರುಳಿನ ಒಳಪದರ ಉರಿತು ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಅನ್ನೇ ನೋಡಿ. ಅದರ ತೀವ್ರತೆ ಅಳೆಯುವ ಮೇಯೊ ಅಂಕಪಟ್ಟಿಯಲ್ಲಿ ನಾಲ್ಕು ಭಾಗ: ದಿನಕ್ಕೆ ಎಷ್ಟು ಬಾರಿ ಶೌಚ, ರಕ್ತ ಎಷ್ಟು, ಎಂಡೋಸ್ಕೊಪಿಯಲ್ಲಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಕಂಡದ್ದು, ವೈದ್ಯರ ಒಟ್ಟು ಅಂದಾಜು. ತಲಾ 0ರಿಂದ 3, ಒಟ್ಟು 12. ಎಡವಟ್ಟಾಗುವುದು ಎಂಡೋಸ್ಕೊಪಿಯ 1 ಮತ್ತು 2ರ ನಡುವೆ. ಒಳಪದರ ಕೆಂಪಾಗಿ ರಕ್ತನಾಳಗಳ ಗೆರೆ ಮಸುಕಾಗಿದ್ದರೆ 1. ಗೆರೆ ಪೂರ್ತಿ ಅಳಿಸಿ, ತಾಗಿದರೆ ರಕ್ತ ಜಿನುಗುವಂತಿದ್ದರೆ 2. ಪ್ರಯೋಗಕ್ಕೆ ಸೇರಲು ಸಾಮಾನ್ಯವಾಗಿ ಕನಿಷ್ಠ 2 ಬೇಕು. ರೋಗಿಯನ್ನು ಸೇರಿಸಿಕೊಳ್ಳುವ ಆತುರದಲ್ಲಿರುವ ವೈದ್ಯರ ಕಣ್ಣಿಗೆ 1 ಕೂಡ 2 ಆಗಿ ಕಾಣುತ್ತದೆ. ಇದರಲ್ಲಿ ಮೋಸವಿಲ್ಲ, ಮನುಷ್ಯಸಹಜ ಒಲವಿದೆ.

ಇದೇ ಕಾಯಿಲೆಗೆ ಕೊಡುವ ಮೆಸಲಮಿನ್ ಎಂಬ ಔಷಧದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಸ್ಪಷ್ಟವಾಯಿತು. ಆಸ್ಪತ್ರೆಯ ವೈದ್ಯರು ಅರ್ಹರೆಂದು ಸೇರಿಸಿಕೊಂಡವರಲ್ಲಿ ಶೇ 31ರಷ್ಟು ಮಂದಿಗೆ, ವಿಡಿಯೊವನ್ನು ಹೊರಗಿನಿಂದ ನೋಡಿದ ತಜ್ಞರು ಬೇಕಾದ ಅಂಕ ಕೊಡಲಿಲ್ಲ. ಎಲ್ಲರನ್ನೂ ಲೆಕ್ಕ ಹಿಡಿದಾಗ ಔಷಧಕ್ಕೂ ಪ್ಲಾಸಿಬೊಗೂ (ಔಷಧವಿಲ್ಲದ ಹುಸಿ ಮಾತ್ರೆ) ಇರುವ ವ್ಯತ್ಯಾಸ ಸಾಬೀತಾಗಲಿಲ್ಲ. ಅನರ್ಹರನ್ನು ಬಿಟ್ಟಾಗ ಗುಣ ಕಂಡವರು ಔಷಧದ ಗುಂಪಿನಲ್ಲಿ ಶೇ 29, ಪ್ಲಾಸಿಬೊ ಗುಂಪಿನಲ್ಲಿ ಶೇ 13.8. ಕಾಯಿಲೆ ಅಷ್ಟಾಗಿ ಇಲ್ಲದವರು ಪ್ಲಾಸಿಬೊದಲ್ಲೂ ಚೆನ್ನಾಗಿಯೇ ಇರುತ್ತಾರಲ್ಲ!

ಆದ್ದರಿಂದ ಪ್ರತಿ ಎಂಡೋಸ್ಕೊಪಿಯ ಪೂರ್ತಿ ವಿಡಿಯೊ, ಹೆಸರು ಮತ್ತು ದಿನಾಂಕ ತೆಗೆದು, ಯಾವ ಗುಂಪು, ಎಷ್ಟನೇ ವಾರ ಎಂದು ತಿಳಿಯದ ಇಬ್ಬರು ತಜ್ಞರಿಗೆ ಹೋಗಲಿ. ಅಂಕ ಹೊಂದದಿದ್ದರೆ ಮೂರನೆಯವರಿಗೆ. ಚಿತ್ರೀಕರಣ ಮುಗಿಯುವವರೆಗೆ ಬಯಾಪ್ಸಿ ತೆಗೆಯಬಾರದು: ತುಣುಕು ಕಿತ್ತ ಜಾಗದ ರಕ್ತ ಕಾಯಿಲೆಯ ರಕ್ತದಂತೆಯೇ ಕಾಣುತ್ತದೆ. ಒಳಪದರಕ್ಕೆ ಅಂಟಿದ ಲೋಳೆ, ಮಲವನ್ನು ನೀರು ಚಿಮ್ಮಿಸಿ ತೊಳೆದು, ಕೊಳವೆಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯಬೇಕು.

ಮಲದ ಮಾದರಿಯ ಗತಿಯೂ ಹೀಗೆಯೇ. ಕರುಳಿನ ಉರಿಯೂತ ತೋರಿಸುವ ಪ್ರೋಟೀನ್ ಆದ ಕ್ಯಾಲ್‌ಪ್ರೊಟೆಕ್ಟಿನ್‌ನ ಮಟ್ಟ ಒಂದೇ ದಿನದ ಬೇರೆಬೇರೆ ಶೌಚಗಳಲ್ಲಿ ಬದಲಾಗುತ್ತದೆ; ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಅದನ್ನು ಏರಿಸುತ್ತದೆ; ಡಬ್ಬಿ ಬಿಸಿಯಲ್ಲಿ ದಿನಗಟ್ಟಲೆ ಉಳಿದರೆ ಇಳಿಯುತ್ತದೆ. ಪ್ರತಿ ಬಾರಿಯೂ ಬೆಳಗಿನ ಮೊದಲ ಶೌಚದ್ದೇ ಮಾದರಿ, ಕರುಳು ಖಾಲಿ ಮಾಡುವ ಔಷಧ ಕುಡಿಯುವ ಮೊದಲು, ಆಮೇಲೆ ಫ್ರಿಜ್. ಇದನ್ನು ರೋಗಿಯ ಭಾಷೆಯಲ್ಲಿ, ಚಿತ್ರದೊಡನೆ ಅಚ್ಚು ಹಾಕಿಸಿ ಕೊಡಲೇಬೇಕು.

ಶೌಚ, ರಕ್ತದ ದಿನಚರಿಯನ್ನು ರೋಗಿ ಅಂದಂದೇ ಬರೆಯಲಿ. ಭೇಟಿಯ ಹಿಂದಿನ ರಾತ್ರಿ ಕುಳಿತು ವಾರದ್ದನ್ನೆಲ್ಲ ತುಂಬಿದರೆ ಅದು ನೆನಪಿನ ಊಹೆ. ಉರಿಯೂತ ತಗ್ಗಿಸಲು ರೋಗಿ ಮೊದಲೇ ತೆಗೆದುಕೊಳ್ಳುತ್ತಿದ್ದ ಸ್ಟೀರಾಯ್ಡ್ ಇಳಿಸುವ ಕ್ರಮ ಎರಡೂ ಗುಂಪಿಗೆ ಒಂದೇ ಆಗಿರಲಿ. ಇಲ್ಲವಾದರೆ ಗುಣವಾದದ್ದು ಯಾವುದರಿಂದ ಎಂದು ಹೇಳಲಾಗದು. ನಡುವೆ ಬಿಟ್ಟುಹೋದವರನ್ನು ಲೆಕ್ಕದಿಂದ ಅಳಿಸಬಾರದು. ಔಷಧ ನಾಟದೆ ಹೋದವರೇ ಅವರಲ್ಲಿ ಹೆಚ್ಚಿರಬಹುದು.

ಮೊದಲ ರೋಗಿ ಸೇರುವ ಮುನ್ನ ಪ್ರಯೋಗದ ನೋಂದಣಿ ಆಗಿರಬೇಕು. ಕೊನೆಯ ಕಂತಿನ ಹಣವನ್ನು ಫಲಿತಾಂಶ ಪ್ರಕಟವಾಗುವವರೆಗೆ, ಔಷಧ ಸೋತಿದ್ದರೂ ಸರಿ, ತಡೆಹಿಡಿಯಿರಿ. ಮುಂದಿನ ಅನುದಾನದ ಆದೇಶದಲ್ಲೇ ಈ ಷರತ್ತುಗಳು ಸೇರಲಿ ಎಂದು ಕೋರುತ್ತೇವೆ.

ಇತಿ,
ಕರುಳು ರೋಗಗಳ ಚಿಕಿತ್ಸಾ ಸಂಶೋಧನೆಯಲ್ಲಿ ತೊಡಗಿರುವವರು